ಕಾಲು ಮೂಡದ ಗೊದಮೊಟ್ಟೆ

ನಮ್ಮ ರಾಣೇಬೆನ್ನೂರಿನ ವೃತ್ತಗಳಲ್ಲಿ ತೂಗಾಡುವ ಫ್ಲೆಕ್ಸುಗಳನ್ನು ನೀವು ಎಂದಾದರೂ ಪುರುಸೊತ್ತಾಗಿ ನಿಂತು ನೋಡಿದ್ದರೆ ಒಂದು ಸಂಗತಿ ನಿಮ್ಮ ಕಣ್ಣಿಗೆ ಬಿದ್ದಿರಬಹುದು: ಕೈಮುಗಿದು ನಗುತ್ತಿರುವ ಮುಖಂಡರಲ್ಲಿ ಕೆಲವರ ಅಂಗಿಯ ಜೇಬು ಬಲಗಡೆ ಇರುತ್ತದೆ. ನಾನೂ ನೋಡಿದ್ದೆ, ದೊಡ್ಡವರ ದರ್ಜಿಗಳೇ ಬೇರೆ ಇರಬೇಕೆಂದು ತಿಳಿದು ಸುಮ್ಮನಾಗಿದ್ದೆ. ಪಕ್ಕದಲ್ಲಿ ನಿಂತವರು ನಡುವಿನ ಮಹಾಮುಖದ ಕಡೆಗೇ ನೋಡುವಂತಿರಬೇಕು. ಅದಕ್ಕಾಗಿ ಬೆನ್ನು ಮಾಡಿದವರ ಫೋಟೋವನ್ನು ಕಂಪ್ಯೂಟರಿನಲ್ಲಿ ಎಡಬಲ ತಿರುವಿಬಿಡುತ್ತಾರೆ, ಮುಖದ ಜೊತೆಗೆ ಜೇಬೂ ಪಕ್ಷಾಂತರ ಮಾಡುತ್ತದೆ ಎಂಬ ಸತ್ಯ ನನಗೆ ತಿಳಿದದ್ದು ತೀರ ಈಚೆಗೆ. ತಿಳಿದ ಸಂದರ್ಭ ಮಾತ್ರ ನಗುವಂಥದ್ದಾಗಿರಲಿಲ್ಲ.

ನಾನು ಇಲ್ಲಿನ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ನನ್ನ ಸಂಶೋಧನೆಗೆ ಅಭಿವರ್ಧನ ಜೀವವಿಜ್ಞಾನವೆಂಬ ಗಂಭೀರ ನಾಮಧೇಯವಿದೆ. ಒಂದು ತತ್ತಿ ಹೇಗೆ ಹಂತಹಂತವಾಗಿ ಒಂದು ಪ್ರಾಣಿಯಾಗುತ್ತದೆ ಎಂಬುದನ್ನು ಕಣ್ಣು ಕೀಲಿಸಿ ನೋಡುವ ಶಾಸ್ತ್ರ ಅದು. ಮಳೆಗಾಲ ಬಂತೆಂದರೆ ಮೇಡ್ಲೇರಿಯ ಭತ್ತದ ಗದ್ದೆಗಳಿಗೆ ಹೋಗಿ ಕಪ್ಪೆಯ ತತ್ತಿಗಳನ್ನು ತರುತ್ತೇನೆ. ನೀರು ಬೆಚ್ಚಗಿದ್ದರೆ ಗೊದಮೊಟ್ಟೆಗಳು ಬೇಗ ಬೆಳೆಯುತ್ತವೆ ಎಂಬುದು ಜಗತ್ತಿಗೆಲ್ಲ ಗೊತ್ತಿರುವ ಸಂಗತಿಯೇ. ಅದು ಮೇಡ್ಲೇರಿಯ ಕಪ್ಪೆಗೂ ಗೊತ್ತಿದೆಯೇ ಎಂಬುದಷ್ಟೇ ನನ್ನ ಪ್ರಶ್ನೆ. ಕಾಲೇಜಿನ ಪ್ರಯೋಗಾಲಯದಲ್ಲಿ ಕರೆಂಟು ನೆಚ್ಚಲಾಗದ ಅತಿಥಿಯಾದ್ದರಿಂದ ಈ ಮಹಾಪ್ರಶ್ನೆಗೆ ಉತ್ತರ ಹುಡುಕುವ ಕಾರ್ಯ ನಮ್ಮ ಮನೆಯ ಬಚ್ಚಲಿನಲ್ಲೇ ನಡೆಯಿತು. ಆರು ಬೋಗುಣಿಗಳಲ್ಲಿ ಬೆಚ್ಚನೆಯ ನೀರು, ಆರರಲ್ಲಿ ತಣ್ಣೀರು. ನಮ್ಮ ಮನೆಯವರು ಸ್ನಾನಕ್ಕೆ ಹೋಗುವ ಮುನ್ನ, "ಈ ಬಕೀಟಿನಾಗ ಯಾರರೆ ಅದಾರೇನ?" ಎಂದು ಕೇಳುವುದು ರೂಢಿಯಾಗಿತ್ತು.

ಆ ಮಳೆಗಾಲ ಫಲ ದೊರೆಯಿತು. ಬೆಚ್ಚನೆಯ ನೀರಿನ ಮರಿಗಳಿಗೆ ಬಾಲದ ಬುಡದಲ್ಲಿ ಸಾಸಿವೆಯಷ್ಟು ಉಬ್ಬು, ಅಂದರೆ ಹಿಂಗಾಲಿನ ಮೊಗ್ಗು, ಹನ್ನೊಂದನೆಯ ದಿನವೇ ಕಾಣಿಸಿತು. ತಣ್ಣೀರಿನವುಗಳಿಗೆ ಹದಿನಾರನೆಯ ದಿನ. ಹಾವೇರಿಯಲ್ಲಿ ನಡೆಯಲಿದ್ದ ವಿಚಾರ ಸಂಕಿರಣಕ್ಕೆ ಒಂದು ಪೋಸ್ಟರ್ ಮಾಡಿದೆ. ಮೇಲಿನ ಸಾಲಿನಲ್ಲಿ ಹನ್ನೊಂದನೆಯ ದಿನದ ಬೆಚ್ಚನೆಯ ನೀರಿನ ಆರು ಮರಿಗಳು, ಕೆಳಗಿನ ಸಾಲಿನಲ್ಲಿ ಹದಿನಾರನೆಯ ದಿನದ ತಣ್ಣೀರಿನ ಆರು. ತಲೆಬರಹದಲ್ಲಿ 'ಎಲ್ಲ ಮರಿಗಳಿಗೂ ಕಾಲಿನ ಮೊಗ್ಗು' ಎಂಬ ಮಾತಿತ್ತು. ಆ 'ಎಲ್ಲ'ದ ಮೇಲೆ ನನಗೆ ಅತಿಯಾದ ಮೋಹ. ನಾಲ್ಕು ಸಲ ಓದಿ, ಐದನೆಯ ಸಲ ಅಕ್ಷರ ದಪ್ಪ ಮಾಡಿದೆ.

ಪೋಸ್ಟರ್ ಅಚ್ಚು ಹಾಕಿಸಲು ಹೋದದ್ದು ದಾದಾಪೀರನ ಫ್ಲೆಕ್ಸ್ ಅಂಗಡಿಗೆ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ ಎಲ್ಲಕ್ಕೂ ಊರಿಗೆ ಅವನೇ ಗತಿ. ಮೂವತ್ತೈದರ ಸುಮಾರಿನ, ಹೆಚ್ಚು ಮಾತಾಡದ, ಪರದೆಗೆ ಮೂಗು ತಾಗಿಸಿಕೊಂಡು ಕೆಲಸ ಮಾಡುವ ಮನುಷ್ಯ. ನನ್ನ ಪೋಸ್ಟರನ್ನು ತೆರೆದು ಹಿಗ್ಗಿಸಿ, ಕುಗ್ಗಿಸಿ ನೋಡಿದವನೇ, "ಮೇಡಂ, ಇವೆರಡು ಅವಳಿ-ಜವಳಿ ಏನ್ರಿ?" ಎಂದ.

"ಯಾವ್ಯಾವು?"

"ಮ್ಯಾಲಿನ ಸಾಲಿನಾಗ ಮೊದಲನೇದು, ಕೆಳಗಿನ ಸಾಲಿನಾಗ ನಾಕನೇದು. ಎರಡರ ಬಾಲಕ್ಕೂ ಒಂದ ಕಡೆ ಕಚ್ಚಿದ ಗುರುತ ಐತಿ ನೋಡ್ರಿ."

ಇಂಥ ವೇಳೆಯಲ್ಲಿ ವಿನಯದಿಂದ ಬಗ್ಗಿ ನೋಡುವುದು ವಿಜ್ಞಾನಿಯ ಲಕ್ಷಣ. ನಾನು ಬಗ್ಗಲಿಲ್ಲ. ಒಂದೇ ಜಾತಿಯ ಭ್ರೂಣಗಳು ಆರಂಭದ ಹಂತಗಳಲ್ಲಿ ಪರಸ್ಪರ ಎಷ್ಟು ಹೋಲುತ್ತವೆ ಎಂಬುದನ್ನು ಪ್ರಥಮ ಬಿ.ಎಸ್ಸಿ.ಯವರಿಗೆ ಹೇಳುವ ಧಾಟಿಯಲ್ಲಿ ಐದು ನಿಮಿಷ ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಹೌದ್ರಿ, ಇರಬೇಕ್ರಿ. ಆದ್ರ ಇದನ್ನ ತಿರುವ್ಯಾರ್ರಿ. ನಮ್ಮ ಲೀಡರ್‌ಗಳ ಜೇಬ ಬಲಕ್ಕ ಬರತೈತಲ್ಲರಿ, ಹಂಗ ಆಗೈತಿ" ಎಂದವನೇ ಒಂದು ಗುಂಡಿ ಒತ್ತಿದ. ಮರಿ ಮಗ್ಗುಲು ಬದಲಿಸಿತು. ಅದನ್ನು ಎಳೆದುಕೊಂಡು ಹೋಗಿ ಕೆಳಗಿನ ನಾಲ್ಕನೆಯದರ ಮೇಲೆ ಇಟ್ಟ. ಎರಡೂ ಒಂದಾಗಿ ಹೋದವು. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

ಈಗ ಒಂದು ವಿಷಯವನ್ನು ನಿಮ್ಮಲ್ಲಿ ಮಾತ್ರ ಹೇಳಿಕೊಳ್ಳುತ್ತೇನೆ. ಗೊದಮೊಟ್ಟೆ ಉಸಿರಾಡಿದ ನೀರನ್ನು ಹೊರಬಿಡುವುದಕ್ಕೆ ಒಂದೇ ಒಂದು ಸಣ್ಣ ರಂಧ್ರವಿರುತ್ತದೆ, ಮತ್ತು ನಮ್ಮ ಕಪ್ಪೆಗಳಲ್ಲಿ ಅದು ಎಡಗಡೆಯಲ್ಲೇ ಇರುತ್ತದೆ. ಇದನ್ನು ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ಬಲಗಡೆ ಎಂದು ಬರೆದವರ ಅಂಕ ನಿರ್ದಯವಾಗಿ ಕಳೆದಿದ್ದೇನೆ. ನನ್ನ ಪೋಸ್ಟರಿನ ಆ ಮೊದಲನೆಯ ಮರಿಯ ಬಲಗಡೆಯಲ್ಲಿ ರಂಧ್ರ ಎದ್ದು ಕಾಣುತ್ತಿತ್ತು. ಡಾಕ್ಟರೇಟ್ ಇಲ್ಲದ ದಾದಾಪೀರನಿಗೆ ಜೇಬು ಕಂಡಿತ್ತು. ಡಾಕ್ಟರೇಟ್ ಇದ್ದ ನನಗೆ ರಂಧ್ರ ಕಂಡಿರಲಿಲ್ಲ.

ಅಚ್ಚು ನಿಲ್ಲಿಸಲು ಹೇಳಿ ಮನೆಗೆ ಬಂದು ಮೂಲ ಫೋಟೋಗಳನ್ನು ಹುಡುಕಿದೆ. ಮೊದಲನೆಯ ಬೋಗುಣಿಯ ನಿಜವಾದ ಫೋಟೋ ಅಲ್ಲೇ ಇತ್ತು. ಸ್ಪಷ್ಟವಾಗಿತ್ತು, ಸುಂದರವಾಗಿಯೂ ಇತ್ತು. ಕಾಲಿನ ಮೊಗ್ಗು ಮಾತ್ರ ಇರಲಿಲ್ಲ.

ಫೋಟೋ ತಿರುವಿದ್ದು ಏಕೆಂಬುದು ನೆನಪಿಗೆ ಬಂತು. ಸಾಲಿನ ಮೊದಲನೆಯದು ಹೊರಕ್ಕೆ ಮುಖ ಮಾಡಿದರೆ ಚೆಂದವಲ್ಲವೆಂದು ನಾನೇ ಒಳಮುಖ ಮಾಡಿದ್ದೆ. ಆದರೆ ತಣ್ಣೀರಿನ ಮರಿಯ ಫೋಟೋ ಅಲ್ಲಿಗೆ ಹೇಗೆ ಬಂತು? ಫೈಲುಗಳ ಹೆಸರು ಅದಲು ಬದಲಾಯಿತು ಎಂದು ಹೇಳಿಕೊಳ್ಳಬಹುದಿತ್ತು, ಹೇಳಿಕೊಂಡೆ ಕೂಡ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಆ ಕಾಲಿಲ್ಲದ ಫೋಟೋವನ್ನು ಒಮ್ಮೆ ತೆರೆದು, 'ಇದು ಸರಿಯಾಗಿ ಬಂದಿಲ್ಲ, ಇನ್ನೊಂದು ಇರಬೇಕು' ಎಂದು ಮನಸ್ಸಿನಲ್ಲೇ ಅಂದುಕೊಂಡು ಮುಚ್ಚಿದ್ದ ನೆನಪು ಮಸುಕಾಗಿ ಏಳುತ್ತಿತ್ತು. ಹುಡುಕಿದವಳಿಗೆ 'ಇನ್ನೊಂದು' ಸಿಗದೆ ಇರುತ್ತದೆಯೇ? ಮೋಸ ಮಾಡಿದೆ ಎನ್ನುವಷ್ಟು ಧೈರ್ಯ ನನಗಿರಲಿಲ್ಲ. ಮಾಡಲಿಲ್ಲ ಎಂದು ಆಣೆ ಮಾಡುವ ಧೈರ್ಯವೂ ಇರಲಿಲ್ಲ.

ಪೋಸ್ಟರಿನ ಮೇಲೆ ನನ್ನ ಹೆಸರಿನ ಜೊತೆ ನನ್ನ ಗುರುಗಳ ಹೆಸರೂ ಇತ್ತು. ನಿವೃತ್ತರಾಗಿ ಧಾರವಾಡದಲ್ಲಿದ್ದಾರೆ; ಒಂದೇ ಒಂದು ತಪ್ಪು ಅಂಕಿಗಾಗಿ ನನ್ನ ಪ್ರಬಂಧದ ಅಧ್ಯಾಯವನ್ನೇ ಹಿಂದಕ್ಕೆ ಕಳಿಸಿದ್ದವರು. ಅವರಿಗೆ ಫೋನು ಮಾಡುವ ಮುನ್ನ ಎರಡು ಲೋಟ ನೀರು ಕುಡಿದೆ. ಎಲ್ಲವನ್ನೂ ಹೇಳಿದೆ, ಆ ಮಸುಕು ನೆನಪನ್ನೂ ಬಿಡದೆ.

"ಖರೇ ಫೋಟೋ ಐತೇನವಾ?"

"ಐತ್ರಿ ಸರ್."

"ಹಾಕು. 'ಎಲ್ಲ' ಅನ್ನೂದನ್ನ ತಗಿ."

"ನಿಮ್ಮ ಹೆಸರ ಬ್ಯಾಡ ಅನಸಿದ್ರ ಅದನ್ನೂ ತಗೀತೇನ್ರಿ ಸರ್."

"ಯಾಕ? ಕಾಲ ಮೂಡದ ಮರಿಗೆ ಗುರು ಇರಬಾರದೇನು? ಇರಲಿ ಬಿಡು." ಫೋನು ಇಟ್ಟರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ತಿದ್ದಿದ ಪೋಸ್ಟರನ್ನು ದಾದಾಪೀರನ ಮುಂದಿಟ್ಟೆ. ಅವನು ಮೂಗು ತಾಗಿಸಿ ನೋಡಿ, ಕಳವಳದಿಂದ, "ಈ ಮರಿಗೆ ಕಾಲಿಲ್ಲಲ್ರಿ ಮೇಡಂ?" ಎಂದ. ಇಲ್ಲವೆಂದೆ. ಸ್ವಲ್ಪ ಯೋಚಿಸಿ ದನಿ ತಗ್ಗಿಸಿ, "ಹಚ್ಚಲೇನ್ರಿ? ಎರಡ ನಿಮಿಷದ ಕೆಲಸ. ಸಾಹೇಬ್ರ ತಲಿಗೆ ಕೂದಲಾನ ಹಚ್ಚೇನ್ರಿ" ಎಂದ.

ನಿನ್ನೆ ನನ್ನನ್ನು ಹಿಡಿದುಕೊಟ್ಟ ಮನುಷ್ಯನೇ ಇಂದು ಗಿರಾಕಿಯ ಮೇಲಿನ ಕರುಣೆಯಿಂದ ಪಾರು ಮಾಡಲು ನಿಂತಿದ್ದ. ನಕ್ಕೆ; ನಗು ಅರ್ಧಕ್ಕೇ ನಿಂತಿತು. ಅವನ ಎರಡು ನಿಮಿಷದ ಕೆಲಸವನ್ನು ನಾನು ಯಾವ ನಿಮಿಷದಲ್ಲಿ ಮಾಡಿದ್ದೆನೋ ನನಗೇ ಗೊತ್ತಿರಲಿಲ್ಲವಲ್ಲ! "ಬ್ಯಾಡ ದಾದಾಪೀರ. ಅದಕ್ಕ ಕಾಲ ಬಂದಿರಲಿಲ್ಲ. ಇದ್ದದ್ದು ಇದ್ದಂಗ ಇರಲಿ" ಎಂದೆ. "ಆತ್ರಿ. ಹಂಗಾರ ಸ್ವಲ್ಪ ದೊಡ್ಡದು ಮಾಡತೇನಿ, ಕಾಲ ಇಲ್ಲದ್ದು ಎಲ್ಲಾರಿಗೂ ಕಾಣಲಿ" ಎಂದು ಅವನು ಮನಃಪೂರ್ವಕವಾಗಿ ಆ ಮರಿಯನ್ನು ಉಳಿದವುಗಳ ಇಮ್ಮಡಿ ಹಿಗ್ಗಿಸಿದ. ನಾನು ದುಡ್ಡು ಎಣಿಸಿ ಮೇಜಿನ ಮೇಲಿಟ್ಟೆ.

ಸುರುಳಿ ಸುತ್ತಿದ ಫ್ಲೆಕ್ಸನ್ನು ಮಡಿಲಲ್ಲಿಟ್ಟುಕೊಂಡು ಹಾವೇರಿ ಬಸ್ಸು ಹತ್ತಿದೆ. "ಯಾರ ಬರ್ತ್‌ಡೇ ರೀ?" ಎಂದು ಕಂಡಕ್ಟರು ಕೇಳಿದ. ಕಪ್ಪೆಯದೆಂದು ಹೇಳಿದರೆ ಟಿಕೆಟ್ಟಿನ ಜೊತೆ ಸಹಾನುಭೂತಿಯನ್ನೂ ಹರಿದುಕೊಟ್ಟಾನೆಂದು ಸುಮ್ಮನಾದೆ.

ಸಂಕಿರಣದಲ್ಲಿ ಉಳಿದವರ ಪೋಸ್ಟರುಗಳು ನಯವಾದ ಕಾಗದದ ಮೇಲೆ ಮೆಲುದನಿಯಲ್ಲಿ ಮಾತಾಡುತ್ತಿದ್ದರೆ, ನನ್ನದು ಚುನಾವಣೆಗೆ ನಿಂತಂತೆ ಫಳಫಳಿಸುತ್ತಿತ್ತು. ಭ್ರೂಣ ನೋಡುವವರ ಬಳಗ ಸಣ್ಣದು, ಸಭ್ಯವಾದುದು. ಪರಸ್ಪರರ ಪೋಸ್ಟರಿನ ಮುಂದೆ ತಲೆಯಾಡಿಸಿ, 'ಚೆನ್ನಾಗಿದೆ' ಎಂದು ಚಹಾದ ಕಡೆ ಸಾಗುವುದು ಅದರ ಸಂಪ್ರದಾಯ. ಬೆಳಗಿನಿಂದ ಹನ್ನೊಂದು ಜನ ನನ್ನೆದುರು ತಲೆಯಾಡಿಸಿದರು. ಒಬ್ಬ ಹಿರಿಯರು ಆ ದೊಡ್ಡ ಮರಿಯ ಮುಂದೆ ನಿಂತು, "ಇದಕ್ಕೆ ಏಕೆ ಬಂದಿಲ್ಲ?" ಎಂದರು. "ಗೊತ್ತಿಲ್ಲ ಸರ್" ಎಂದೆ. "ಮುಂದೆ ಬಂತೆ?" ಅದೂ ಗೊತ್ತಿರಲಿಲ್ಲ; ಫೋಟೋ ತೆಗೆದಾದ ಮೇಲೆ ಎಲ್ಲವನ್ನೂ ಮೇಡ್ಲೇರಿಯ ಕಾಲುವೆಗೆ ಬಿಟ್ಟು ಬಂದಿದ್ದೆ. ಅವರು ಮುಂದಕ್ಕೆ ಹೋದರು. ಇಷ್ಟು ಚಿಕ್ಕ ಅವಧಿಯಲ್ಲಿ 'ಗೊತ್ತಿಲ್ಲ' ಎಂದು ಎರಡು ಸಲ ಹೇಳಿದ್ದು ನನ್ನ ವೃತ್ತಿಜೀವನದಲ್ಲಿ ಅದೇ ಮೊದಲು.

ಅವರ ಹಿಂದೆಯೇ ನಿಂತಿದ್ದ ಹುಡುಗಿ ಹೋಗಲಿಲ್ಲ. ಹೆಸರು ಶಿಲ್ಪಾ, ಬ್ಯಾಡಗಿಯವಳು, ಮೀನಿನ ಭ್ರೂಣಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಊಟಕ್ಕೆ ಕರೆ ಬಂದು ಎಲ್ಲರೂ ಹೊರಟ ಮೇಲೂ ಅವಳು ಆ ಮರಿಯನ್ನೇ ನೋಡುತ್ತಿದ್ದಳು.

"ಮೇಡಂ, ಇದನ್ನ ಬೇಕಂತನ ಹಾಕೀರೇನ್ರಿ?"

"ಮೊದಲ ಹಾಕಿರಲಿಲ್ಲವಾ. ಬ್ಯಾರೇದು ಇಟ್ಟಿದ್ದೆ. ಸಿಕ್ಕಿಬಿದ್ದಮ್ಯಾಲ ಹಾಕೀನಿ" ಎಂದೆ. ಗುರುಗಳ ಹೊರತು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿದ್ದ ಮಾತು ಅಷ್ಟು ಸಲೀಸಾಗಿ ಹೊರಬಿತ್ತು.

ಅವಳು ನಗಲಿಲ್ಲ. ಆಚೀಚೆ ನೋಡಿ, "ನನ್ನ ಹತ್ರಾನೂ ಇಂಥವು ಅದಾವ್ರಿ. ನಾ ಅಂದುಕೊಂಡಂಗ ಬೆಳೀಲಿಲ್ಲ. ಗೈಡ್‌ಗೆ ತೋರಿಸಾಕ ಅಂಜಿಕಿ ಬಂದು ಬ್ಯಾರೆ ಎತ್ತಿಟ್ಟೇನಿ" ಎಂದಳು.

"ಎಷ್ಟ ಅದಾವು?"

"ಎಣಿಸಿಲ್ರಿ. ಎಣಿಸಾಕೂ ಅಂಜಿಕಿ."

ಸಭಾಂಗಣದ ಮೆಟ್ಟಿಲ ಮೇಲೆ ಕೂತೆವು. ಅವಳು ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು, 'ಬ್ಯಾಡಾದವು' ಎಂದು ಹೆಸರಿಟ್ಟಿದ್ದ ಕಡತದ ಮೇಲೆ ಬೆರಳಿಟ್ಟು ಒಂದು ಗಳಿಗೆ ತಡೆದಳು. ಒಳಗಿನಿಂದ ಊಟದ ಎಲೆಗಳ ಸದ್ದು ಬರುತ್ತಿತ್ತು. ಮೊದಲನೆಯ ಭ್ರೂಣ ಪರದೆಯ ಮೇಲೆ ಬಂತು: ಗಾಜಿನಂತೆ ಪಾರದರ್ಶಕ, ಬೆನ್ನು ಒಂಚೂರು ಡೊಂಕು, ಕಪ್ಪು ಕಣ್ಣು.

"ಇದರ ಕಥಿ ಏನು?" ಎಂದೆ.

"ಗೊತ್ತಿಲ್ರಿ ಮೇಡಂ" ಎಂದಳು, ತಪ್ಪೊಪ್ಪಿಕೊಳ್ಳುವವಳ ಹಾಗೆ ತಲೆ ತಗ್ಗಿಸಿ.

ಚೀಲದಿಂದ ಪುಸ್ತಕ ಪೆನ್ನು ತೆಗೆದು 'ಒಂದು' ಎಂದು ಬರೆದೆ. ಅವಳು ಎರಡನೆಯದನ್ನು ತೆರೆದಳು.