ಅಳುವ ಕೂಸು ಆಮೇಲೆ

ಮೊನ್ನೆ ಮಾನ್ವಿಯ ಸಂತೆಯಲ್ಲಿ ಹಸಿಕಡಲೆಯ ಸಿವುಡೊಂದನ್ನು ಕೈಗೆತ್ತಿಕೊಂಡೆ. ಬೆರಳಿಗೆ ಹತ್ತಿದ ಆ ಹುಳಿವಾಸನೆ ಮೂಗಿಗೆ ಬಂದದ್ದೇ ತಡ, ನಿಂತಲ್ಲೇ ನಗು ಬಂತು. "ಯಾಕ್ರೀ ಅಕ್ಕಾರ, ರೇಟ್ ಕೇಳಿ ನಗಾಕತ್ತೀರೇನು?" ಎಂದಳು ಮಾರುವವಳು. ನನಗೆ ನೆನಪಾದದ್ದು ರಾಯಚೂರಿನ ಮಕ್ಕಳ ಆಸ್ಪತ್ರೆಯ ಡಾಕ್ಟರಮ್ಮ...

ಆಗ ನನ್ನ ಮಗನಿಗೆ ಮೂರು ವರ್ಷ. ಅಂಗಳದಲ್ಲಿ ಕಡಲೆ ಸುಲಿಯುತ್ತ ಕುಳಿತವನು ಒಂದು ಕಾಳನ್ನು ಬಾಯಿಗೆ ಹಾಕುವ ಬದಲು ಮೂಗಿಗೆ ತುರುಕಿಕೊಂಡ. ಒಬ್ಬರು ಕಡ್ಡಿ ತರಲು ಓಡಿದರು, ಇನ್ನೊಬ್ಬರು ಎಣ್ಣೆ ತಂದರು. ನಮ್ಮ ಮಾವ ಎಲ್ಲರನ್ನೂ ಸರಿಸಿ ನಶ್ಯದ ಡಬ್ಬಿ ತೆಗೆದರು. ಅಕ್ಕಿ ಗಿರಣಿಯ ಮಾಲೀಕರು. ಮನೆಯಲ್ಲಿ ಅವರ ಮಾತಿಗೆ ಎದುರಾಡುವವರಿರಲಿಲ್ಲ. "ಸೀನಿದ್ರ ಕಾಳು ತಾನ ಹಾರಿ ಬೀಳ್ತದ" ಎಂದು ಹುಡುಗನ ಮೂಗಿಗೆ ಒಂದು ಚಿಟಿಕೆ ಹಿಡಿದರು. ಮಾವ ಸೀನಿದರು. ಅತ್ತೆ ಸೀನಿದರು. ನನ್ನ ಗಂಡನೂ, ಬಾಗಿಲಲ್ಲಿ ನಿಂತಿದ್ದ ಗಿರಣಿಯ ಡ್ರೈವರನೂ ಸೀನಿದರು. ಮಗ ಮಾತ್ರ ಸೀನಲಿಲ್ಲ, ಅಳತೊಡಗಿದ.

ಆ ಅಳು ರಾಯಚೂರು ಮುಟ್ಟಿದರೂ ನಿಲ್ಲಲಿಲ್ಲ. ಮನೆಮಂದಿಯೆಲ್ಲ ಜೀಪಿನಿಂದಿಳಿದು ಆಸ್ಪತ್ರೆಗೆ ನುಗ್ಗಿದೆವು. ಡಾಕ್ಟರಮ್ಮ ಆಗಷ್ಟೇ ಒಳಗಿನ ಕೋಣೆಯಿಂದ ಹೊರಬಂದರು. ದಪ್ಪ ದೇಹ, ಸಡಿಲ ಜಡೆ, ಸೀರೆಯ ಮೇಲೆ ಇಸ್ತ್ರಿ ಕಾಣದ ಬಿಳಿ ಕೋಟು.

"ನಾವು ಮಾನ್ವಿಯಿಂದ ಬಂದೀವ್ರಿ. ಹುಡುಗ ಮೂಗಿನ್ಯಾಗ ಕಡ್ಲಿ ಹಾಕ್ಕೊಂಡಾನ, ಎಷ್ಟ ಅಳಾಕತ್ತಾನ ನೋಡ್ರಿ" ಎಂದು ಮಾವ ಗಿರಣಿಯ ದನಿಯಲ್ಲೇ ಹೇಳಿದರು.

ಡಾಕ್ಟರಮ್ಮ ಮಗನ ಮುಖವನ್ನು, ಎದೆಯ ಏರಿಳಿತವನ್ನು ಒಂದು ಗಳಿಗೆ ನೋಡಿದರು. "ಭಾಳ ಚಲೋ ಅಳಾಕತ್ತಾನ. ಅಳಾಕ ಉಸಿರದ ಅಂದ್ರ ಸದ್ಯ ಚಿಂತಿಲ್ಲ. ಕುಂದರ್ರಿ" ಎಂದವರೇ ಸುತ್ತ ಕಣ್ಣಾಡಿಸಿ ನಮ್ಮನ್ನು ದಾಟಿ ಮೂಲೆಗೆ ನಡೆದರು.

ಅಲ್ಲಿ ದೇವದುರ್ಗದ ಕಡೆಯ ಕೂಲಿ ಹೆಣ್ಣುಮಗಳೊಬ್ಬಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. "ನಮ್ದೇನ್ ಅವಸರಿಲ್ರಿ ಯವ್ವಾ. ನಿನ್ನಿಯಿಂದ ವಾಂತಿ-ಭೇದಿ. ಈಗ ಸುಮ್ಕ ಮಕ್ಕೊಂಡಾಳ. ಅವ್ರನ್ನ ಮೊದ್ಲ ನೋಡ್ರಿ" ಎಂದಳು.

ಡಾಕ್ಟರಮ್ಮ ಕೂಸಿನ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಹಿಡಿದು ಬಿಟ್ಟರು. ಹಿಡಿದ ಮಡಿಕೆ ಹಾಗೇ ನಿಂತಿತು. ಮೈಯ ನೀರೆಲ್ಲ ಬತ್ತಿದ ಗುರುತು ಅದೆಂದು ನನಗೆ ಆಮೇಲೆ ತಿಳಿಯಿತು. ಪಾದ ಮುಟ್ಟಿದರು, ತಣ್ಣಗಿದ್ದಿರಬೇಕು... ಮರುಗಳಿಗೆ ಕೂಸನ್ನು ಎತ್ತಿಕೊಂಡು ಓಡಿದರು. ಅಷ್ಟು ದಪ್ಪದವರು ಹಾಗೆ ಓಡಿದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. "ಯಜಮಾನ್ರ, ಹಾದಿ ಬಿಡ್ರಿ!" ಎಂಬ ಕೂಗಿಗೆ ಮಾವ ಗೋಡೆಗೆ ಅಂಟಿಕೊಂಡರು.

ಸ್ವಲ್ಪ ಹೊತ್ತಿಗೆ ಒಳಗಿಂದ ಮತ್ತೆ ಕೂಗು: "ಸ್ಟ್ಯಾಂಡ್ ಒಂದೂ ಖಾಲಿ ಇಲ್ಲೇನು? ಆ ಎತ್ತರದ ಯಜಮಾನ್ರನ್ನ ಕರೀರಿ!" ಜಗಳಕ್ಕೆ ಸಿದ್ಧರಾಗಿದ್ದ ಮಾವನ ಕೈಗೆ ಸಲೈನ್ ಬಾಟಲಿ ಬಂತು. "ಮ್ಯಾಲೆ ಹಿಡೀರಿ. ಸತ್ರೂ ಕೈ ಇಳಿಸಬ್ಯಾಡ್ರಿ."

ಮಾವ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತರು. ಮನೆಯಲ್ಲಿ ನೀರಿನ ಲೋಟವನ್ನೂ ತಾವಾಗಿ ತೆಗೆದುಕೊಳ್ಳದವರು! ಅವರ ಹಿಂದೆಯೇ ಒಳಬಂದ ನಾವೆಲ್ಲರೂ ಆ ಕೂಸಿನ ಮುಖವನ್ನೇ ನೋಡುತ್ತಿದ್ದೆವು. ನನ್ನ ಮಗನೂ ಯಾವಾಗಲೋ ಅಳು ಮರೆತಿದ್ದ. ಬಾಟಲಿ ಬಹಳಷ್ಟು ಇಳಿದಿತ್ತು. ಕೂಸು ತುಟಿ ಸೊಟ್ಟ ಮಾಡಿತು, ಆಮೇಲೆ ಸಣ್ಣಗೆ ಅತ್ತಿತು.

"ಅತ್ಲು! ಅಳವ್ವಾ, ಇನ್ನಷ್ಟು ಅಳು!" ಡಾಕ್ಟರಮ್ಮನ ಮುಖ ಅರಳಿತು. ಅದರ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಾವನಿಗೆ ಕಣ್ಣೊರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ.

ಆಗ ನಮ್ಮ ಸರದಿ ಬಂತು. "ಏನ್ ಗೌಡ್ರ, ಮೂಗಿನ್ಯಾಗ ಕಡ್ಲಿ ಬಿತ್ತೀರಂತ?" ಎಂದು ನನ್ನ ಮಗನನ್ನೇ ಕೇಳುತ್ತ ಅವನ ಮೂಗಿಗೆ ಟಾರ್ಚು ಬಿಟ್ಟರು. ನಶ್ಯ ಕಂಡಿತು. "ಇದನ್ನ ಏರಿಸಿದವ್ರು ಯಾರು?" ಇಡೀ ಮನೆತನ ಮಾವನತ್ತ ನೋಡಿತು. "ಇನ್ನೊಮ್ಮೆ ಹಿಂಗ ಮಾಡಿದ್ರ ನಿಮ್ಮ ಮೂಗಿನ್ಯಾಗ ನಾ ಕಡ್ಲಿ ಹಾಕ್ತೀನಿ, ಯಜಮಾನ್ರ!" ಮಾವ ಕೈ ಎತ್ತಿಕೊಂಡೇ ತಲೆಯಾಡಿಸಿದರು.

ಡಾಕ್ಟರಮ್ಮ ಮಗನ ಇನ್ನೊಂದು ಹೊಳ್ಳೆಯನ್ನು ಒತ್ತಿ ಹಿಡಿದು ನನಗೆ ಹೇಳಿದರು: "ಬಾಯಿಗೆ ಬಾಯಿ ಹಚ್ಚಿ ಒಮ್ಮೆ ಜೋರಾಗಿ ಊದವ್ವಾ."

"ಎಲ್ಲಾರ ಮುಂದ ಇದೇನ್ರಿ!" ಅತ್ತೆ ನಾಚಿದರು.

ನಾನು ಊದಿದೆ. ಕಾಳು ಪಟ್ಟನೆ ಹಾರಿ, ಸಿಂಬಳದ ಸಮೇತ, ಮಾವನ ಬಿಳಿ ಅಂಗಿಯ ಎದೆಯ ಮೇಲೆ ಕುಳಿತಿತು. ಅವರು ಸರಿಯುವಂತಿರಲಿಲ್ಲ. ಕೈ ಇಳಿಸುವಂತೆಯೂ ಇರಲಿಲ್ಲ. ದೇವದುರ್ಗದ ಆ ತಾಯಿ ಮೊದಲು ನಕ್ಕಳು. ಆಮೇಲೆ ಯಾರೂ ತಡೆದುಕೊಳ್ಳಲಿಲ್ಲ.

ಕೆಲವು ದಿನ ಬಿಟ್ಟು ಮಾವ ಯಾರಿಗೂ ಹೇಳದೆ ರಾಯಚೂರಿಗೆ ಹೋಗಿಬಂದರು. "ಆ ಕೂಸು ಆರಾಮಾಗಿ ಊರಿಗೆ ಹೋತಂತ" ಎಂದಷ್ಟೇ ಹೇಳಿದರು.

ಮಗ ಈಗ ಕಾಲೇಜಿಗೆ ಹೋಗುತ್ತಾನೆ. ಅವನಿಗೆ ಅದಾವುದೂ ನೆನಪಿಲ್ಲ. ಸಂತೆಯಿಂದ ಬರುವಾಗ, ರಾಯಚೂರಿಗೆ ಹೋಗಿಬರುವ ಔಷಧಿ ಅಂಗಡಿಯವನ ಬಳಿ ಡಾಕ್ಟರಮ್ಮನ ಸುದ್ದಿ ಕೇಳಿದೆ. ಹೋದ ವರ್ಷವೇ ತೀರಿಕೊಂಡರಂತೆ... ಮನೆಗೆ ಬಂದು ಮಾವನಿಗೆ ಹೇಳಿದೆ.

"ನಮ್ಮವ್ವ ಹೋದ ಮ್ಯಾಲ ನನಗ ಹಂಗ ಬೈದಾಕಿ ಆಕಿ ಒಬ್ಬಾಕಿನ" ಎಂದರು.

ಆ ಮಧ್ಯಾಹ್ನ ಅವರು ಊಟ ಬೇಡವೆಂದರು. ನಾನೂ ಒತ್ತಾಯ ಮಾಡಲಿಲ್ಲ.