ಹಗೇವಿನ ಮೇಲಿನ ಟ್ಯಾಂಕು

ನಮ್ಮ ಸುರೇಬಾನದ ಮನೆಗೆ ಆರು ದಿನಕ್ಕೊಮ್ಮೆ ನಲ್ಲಿ ನೀರು ಬರುತ್ತದೆ, ಬಂದರೆ ಎರಡು ತಾಸು. ಆ ಎರಡು ತಾಸು ನನ್ನ ಹತ್ತಿರ ಯಾರೂ ಸುಳಿಯುವುದಿಲ್ಲ. ಗಂಡ ಬೇಕೆಂದೇ ಹೊಲಕ್ಕೆ ಹೋಗಿಬಿಡುತ್ತಾರೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ತವರಿನವರೂ ಹೇಳುತ್ತಾರೆ, ಸುಳ್ಳೇನಲ್ಲ. ತಪ್ಪಿಸಿಕೊಳ್ಳಲಾಗದವರು ಅತ್ತೆ ಒಬ್ಬರೇ. ಅವರ ಮೊಣಕಾಲು ಹೋಗಿ ಮೂರು ವರ್ಷವಾಗಿತ್ತು. ಕೂತರೆ ಯಾರಾದರೂ ಕೈಕೊಡದೆ ಏಳಲಾರರು. ಅವರಿಗೂ ನಾನೊಂದು ಕೆಲಸ ಹಚ್ಚಿದ್ದೆ. ನೀರಿನ ದಿನ ಅಂಗಳದ ಟ್ಯಾಂಕಿನ ಪಕ್ಕ ಮಣೆ ಹಾಕಿ ಕೂರಿಸುತ್ತಿದ್ದೆ. ಟ್ಯಾಂಕು ತುಂಬಿದರೆ ಕೂಗಬೇಕು, ಅಷ್ಟೇ.

ಅದು ಸಾವಿರ ಲೀಟರಿನ ಕರಿ ಪ್ಲಾಸ್ಟಿಕ್ ಟ್ಯಾಂಕು. ಹೋದ ವರ್ಷ ಅಂಗಳಕ್ಕೆ ಫರಸಿ ಕಲ್ಲು ಹಾಸಿದಾಗ ಅದನ್ನು ಎಲ್ಲಿಡಬೇಕೆಂದು ತೀರ್ಮಾನಿಸಿದವಳು ನಾನೇ. ಬಾಗಿಲ ಬಲಕ್ಕೆ, ಬೇವಿನ ನೆರಳಿಗೆ. ಅತ್ತೆ ಒಳಗಿನಿಂದಲೇ ಹೇಳಿದ್ದರು, "ಅಲ್ಲಿ ಹಗೇವ ಐತಿ ಯವ್ವಾ, ಅದರ ಮ್ಯಾಲೆ ಭಾರ ಬ್ಯಾಡ."

ನಾನು ಕಿತ್ತೂರು ಕಡೆಯವಳು, ದೇಗಾಂವದ ಹತ್ತಿರದ ಊರು. ನಮ್ಮಲ್ಲಿ ಮಳೆ ಹೆಚ್ಚು. ಕಾಳು ಇಡುವುದು ಮನೆಯೊಳಗೆ, ಕಣಜದಲ್ಲಿ. ಹಗೇವೆಂದರೆ ಜೋಳ ಹುಗಿದಿಡುವ ಕುಣಿ ಎಂದಷ್ಟೇ ಕೇಳಿದ್ದೆ. ಅದರ ಕೊರಳು ಒಬ್ಬರು ಇಳಿಯುವಷ್ಟು ಸಣ್ಣದು, ಕೆಳಗೆ ಹೊಟ್ಟೆ ಒಂದು ಕೋಣೆಯಷ್ಟು ದೊಡ್ಡದು ಎಂದು ಗೊತ್ತಿರಲಿಲ್ಲ. ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆದ ಮಾತ್ರಕ್ಕೆ ಆ ಹೊಟ್ಟೆ ತುಂಬುವುದಿಲ್ಲ ಎಂಬುದಂತೂ ತಲೆಗೇ ಬಂದಿರಲಿಲ್ಲ.

"ಮುಚ್ಚಿ ಮೂವತ್ತ ವರ್ಷ ಆತು ಅಂತ ನೀವ ಹೇಳ್ತೀರಿ. ಇನ್ನ ಏನೈತ್ರಿ ಅದರಾಗ?" ಎಂದೆ.

ಟ್ಯಾಂಕು ಅಲ್ಲಿಯೇ ಕೂತಿತು. ರಸ್ತೆಯಿಂದ ಬರುವ ಪೈಪೂ ಅದರಡಿಯಲ್ಲೇ ಹಾದು ಬಂತು. ಅಂಗಳ ಒಂದೇ ಸಮ ಕಾಣಲಿ ಎಂದು, ನೀರು ಬಂದ್ ಮಾಡುವ ವಾಲ್ವನ್ನೂ ಫರಸಿಯ ಕೆಳಗೆ ಸಿಮೆಂಟು ಹಾಕಿ ಮುಚ್ಚಿಸಿದೆ. ಬಂದವರೆಲ್ಲ ಅಂಗಳ ಚಂದವಾಯಿತೆಂದರು. ಹಿಗ್ಗಿ ಹೀರೇಕಾಯಿಯಾದೆ.

ಈ ಬೇಸಿಗೆಯಲ್ಲಿ ಟ್ಯಾಂಕು ತುಂಬುವುದು ತಡವಾಗತೊಡಗಿತು. ಮೊದಲು ಅರ್ಧ ತಾಸು ಹೆಚ್ಚು ಹಿಡಿಯಿತು. ಆಮೇಲೆ ಎರಡು ತಾಸಾದರೂ ಮುಕ್ಕಾಲೇ. ಪಕ್ಕದ ಮನೆಯ ವೈನಿ ನಲ್ಲಿಗೆ ಮೋಟಾರು ಹಚ್ಚಿ ನೀರೆಳೆಯುತ್ತಿದ್ದಾಳೆಂದು ನಾನು ನಿರ್ಧರಿಸಿಬಿಟ್ಟೆ. ಗೋಡೆಯ ಮೇಲಿಂದ ಜಗಳ ತೆಗೆದೆ.

"ನಮ್ಮನ್ಯಾಗ ಮೋಟಾರ ಎಲ್ಲೈತಿ, ಒಳಗ ಬಂದ ನೋಡವಾ!" ಎಂದಳು ಅವಳು.

ನಾನು ಹೋಗಲಿಲ್ಲ. ಹೋಗಿ ಮೋಟಾರು ಕಾಣದಿದ್ದರೆ ಜಗಳ ಮುಂದುವರಿಸುವುದು ಹೇಗೆ? ಅಂದಿನಿಂದ ಮಾತು ಬಿಟ್ಟೆವು.

ಅದೇ ವಾರ ಅತ್ತೆ ಮಣೆಯ ಮೇಲೆ ಕೂತು ಕರೆದರು. "ನೆಲದಾಗ ಗುಳುಗುಳು ಅನ್ನಾಕ ಹತ್ತೈತಿ ನೋಡ."

"ನಿಮ್ಮ ಹೊಟ್ಟಿ ಇರಬೇಕ ತಗೋರಿ" ಎಂದು ಹೊಲಿಗೆ ಮಿಷನ್ನಿಗೆ ವಾಪಸು ಹೋದೆ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಅಂದದ್ದು ಹೌದು.

ಮುಂದಿನ ಸರತಿಯ ನೀರು ಬೆಳಿಗ್ಗೆ ಎಂಟಕ್ಕೆ ಬಂತು. ಅತ್ತೆಯನ್ನು ಕೂರಿಸಿ ಒಳಗೆ ರವಿಕೆ ಹೊಲಿಯುತ್ತಿದ್ದೆ. ಹೊರಗೆ ಒಣ ಕಟ್ಟಿಗೆ ಮುರಿದಂತೆ ಸಪ್ಪಳವಾಯಿತು. ಓಡಿ ಬಂದರೆ ಎರಡು ಫರಸಿಗಳ ಸಂದಿಯಿಂದ ರಾಡಿ ನೀರು ಮೊಳಕಾಲೆತ್ತರ ಚಿಮ್ಮುತ್ತಿತ್ತು. ಅದನ್ನು ಕಂಡು ನನಗೆ ಮೊದಲು ಬಂದದ್ದು ಸಿಟ್ಟೇ. ಭಯ ಬಂದದ್ದು ಆಮೇಲೆ, ಚಿಮ್ಮುವುದು ನಿಂತಾಗ. ಪೈಪಿನ ಸಪ್ಪಳ ಇನ್ನೂ ಇತ್ತು, ಮೇಲೆ ಮಾತ್ರ ನೀರಿರಲಿಲ್ಲ. ಬಂದ ನೀರೆಲ್ಲ ಕೆಳಗಿಳಿಯುತ್ತಿತ್ತು. ನೋಡನೋಡುತ್ತ ಅರ್ಧ ತುಂಬಿದ ಟ್ಯಾಂಕು ಒಂದು ಗೇಣು ಅತ್ತೆಯ ಕಡೆ ವಾಲಿತು. ಅವರು ಎರಡೂ ಅಂಗೈ ಟ್ಯಾಂಕಿಗೆ ಒತ್ತಿ, ಮೇಲೆ ಬೀಳುವ ಎಮ್ಮೆಯನ್ನು ತಡೆಯುವಂತೆ ತಡೆದು ಕೂತಿದ್ದರು.

"ಅತ್ತೀ, ಏಳ್ರಿ!" ಎಂದು ಚೀರಿದೆ.

"ಏಳಾಕ ಬಂದ್ರ ಕುಂದರತಿದ್ನೇನ?" ಎಂದರು.

ವಾಲ್ವು ಮುಚ್ಚೋಣವೆಂದು ಬಾಗಿದೆ. ನಾನೇ ಸಿಮೆಂಟು ಮೆತ್ತಿಸಿದ ಜಾಗ. ಉಗುರಿನಿಂದ ಕೆರೆದೆ, ಏನೂ ಆಗಲಿಲ್ಲ. ರಸ್ತೆಯ ವಾಲ್ವಿನ ಕೀಲಿ ನೀರು ಬಿಡುವವನ ಹತ್ತಿರ, ಅವನು ಊರಿನ ಆ ತುದಿಗೆ. ಅತ್ತೆಯನ್ನು ಎಳೆದುಕೊಳ್ಳಲು ಒಂದು ಹೆಜ್ಜೆ ಇಟ್ಟೆ, ಕಾಲಡಿಯ ಫರಸಿ ಬುಳಕ್ಕನೆ ಇಳಿಯಿತು. ಇನ್ನೊಂದು ಹೆಜ್ಜೆ ಇಟ್ಟರೆ ನನ್ನ ಭಾರಕ್ಕೆ ಇಬ್ಬರೂ ಒಳಗೆ. ಹಿಂದೆ ಸರಿದು ನಿಂತೆ. ಕೈಗೆ ಸಿಗುವಷ್ಟು ದೂರದಲ್ಲಿ ಅವರು ನನ್ನನ್ನೇ ನೋಡುತ್ತಿದ್ದರು, ಮತ್ತು ನನಗೆ ಏನು ಮಾಡಬೇಕೆಂದೇ ಹೊಳೆಯಲಿಲ್ಲ.

"ನಡೀಬ್ಯಾಡ, ಮಕ್ಕೊಂಡ ಹೋಗ!"

ಗೋಡೆಯ ಮೇಲೆ ವೈನಿಯ ತಲೆ ಕಂಡಿತು. ಮರುಕ್ಷಣ ಅವಳು ತನ್ನ ಮನೆಯ ಬಿದಿರೇಣಿ ಹೊತ್ತು ಬಾಗಿಲಿಗೆ ಬಂದಳು. ಹೊಸ್ತಿಲಿನಿಂದ ಅತ್ತೆಯ ಮಗ್ಗುಲಿನವರೆಗೆ ಅದನ್ನು ಅಡ್ಡ ಮಲಗಿಸಿ ಈಚೆ ತುದಿಯ ಮೇಲೆ ತಾನು ಕೂತಳು. ನಾನು ಏಣಿಯ ಮೇಲೆ ಹೊಟ್ಟೆಯೂರಿ ತೆವಳಿದೆ. ಅತ್ತೆಯ ಕಂಕುಳಿಗೆ ಕೈಹಾಕಿ ಎಳೆದೆ. ಮುದಿ ಜೀವ ಹಗುರ ಎನ್ನುವವರು ಎಂದೂ ಎತ್ತಿರುವುದಿಲ್ಲ. ಅವರು ಟ್ಯಾಂಕಿನಿಂದ ಕೈ ತೆಗೆಯಲು ಹೆದರುತ್ತಿದ್ದರು. "ಬಿಡ್ರಿ, ಹೋದ್ರ ಹೋಗ್ಲಿ, ಬಿಡ್ರಿ" ಎಂದು ಅಳುತ್ತಲೇ ಹೇಳಿದೆ. ಬಿಟ್ಟರು. ಮೂವರೂ ಹೊಸ್ತಿಲ ಮೇಲೆ ಒಬ್ಬರ ಮೇಲೊಬ್ಬರು ಬಿದ್ದೆವು. ಹಿಂದೆಯೇ ನೆಲ ಬಾಯಿ ಬಿಟ್ಟಿತು. ಟ್ಯಾಂಕು ಸೊಂಟದವರೆಗೆ ಒಳಗಿಳಿದು ನಿಂತಿತು. ಮಣೆ ಎಲ್ಲಿ ಹೋಯಿತೋ ಕಾಣಲೇ ಇಲ್ಲ.

ನೀರು ಬಿಡುವವನನ್ನು ಓಡಿಹೋಗಿ ಕರೆತಂದು ರಸ್ತೆಯ ವಾಲ್ವು ಮುಚ್ಚಿಸಿದವಳೂ ವೈನಿಯೇ. ಅವಳ ಮನೆಯಲ್ಲಿ ಮೋಟಾರು ಇರಲಿಲ್ಲ. ಸಂಜೆ ಏಣಿ ಕೊಡಲು ಹೋದಾಗ ನೋಡಿದೆ, ತಪ್ಪಾಯಿತೆಂದೆ. "ಆತೇಳ, ಚಾ ಕುಡಿ" ಎಂದಳು.

ಮರುದಿನ ರಾಮದುರ್ಗದಿಂದ ಪೈಪಿನ ಮಿಸ್ತ್ರಿ ಬಂದ. ಕುಣಿಯೊಳಗೆ ಇಣುಕಿ, "ಪೈಪಿನ ತಪ್ಪಿಲ್ರಿ ಅಕ್ಕಾರ. ಕೆಳಗ ನೆಲಾ ಇಳದ್ರ ಅದು ಜೋಡಿಸಿದಲ್ಲೇ ಬಿಡತೈತಿ. ಭಾಳ ದಿನದಿಂದ ಸೋರೇತಿ ಇದು" ಎಂದ. ತಿಂಗಳುಗಟ್ಟಲೆ ನನ್ನ ನೀರು ಕುಡಿದದ್ದು ನನ್ನದೇ ಅಂಗಳ. ಟ್ಯಾಂಕನ್ನು ಮೇಲೆತ್ತಿಸಿ ಬಾಗಿಲ ಎಡಕ್ಕೆ ಇಡಿಸಿ, ಹಗೇವಿಗೆ ಟ್ರ್ಯಾಕ್ಟರಿನಲ್ಲಿ ಗರಸು ಮಣ್ಣು ತರಿಸಿ ತುಂಬಿ, ದಮ್ಮಸು ಹಾಕಿ ಗಟ್ಟಿ ಮಾಡಿಸಿದೆವು. ಹೊಸ ಪೈಪನ್ನು ಮಿಸ್ತ್ರಿ ಗೋಡೆಯ ಗುಂಟ, ಉಸುಕಿನ ಮೇಲೆ, ನಡುವೆ ಜೋಡಣೆಯೇ ಇಲ್ಲದಂತೆ ಹಾಕಿದ. ವಾಲ್ವಿಗೆ ಎತ್ತಿ ತೆಗೆಯುವ ಕಬ್ಬಿಣದ ಮುಚ್ಚಳ ಮಾಡಿಸಿದ. ಹೋಗುವಾಗ, ನೀರು ಬಂದಾಗ ಒಮ್ಮೆ ಎಲ್ಲ ನಲ್ಲಿ ಬಂದ್ ಮಾಡಿ ಕಿವಿಗೊಡಿ, ಹರಿಯುವ ಸಪ್ಪಳ ಕೇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಎಂದು ಕಲಿಸಿಕೊಟ್ಟ. ಅತ್ತೆ ಬಾಗಿಲಲ್ಲೇ ಕೂತು ಕೇಳಿಸಿಕೊಂಡರು. ನನ್ನ ಮುಖ ನೋಡಲಿಲ್ಲ.

ಊಟಕ್ಕೆ ಬಡಿಸುವಾಗ ತಡೆಯಲಾರದೆ ಕೇಳಿದೆ, "ಕೆಳಗ ಹಗೇವ ಐತಿ ಅಂತ ಗೊತ್ತಿದ್ದೂ ಅಲ್ಲೇ ಯಾಕ ಕುಂದರತಿದ್ರಿ?"

ಅವರು ರೊಟ್ಟಿ ಮುರಿಯುತ್ತ ಸಿಟ್ಟಿಲ್ಲದೆ ಹೇಳಿದರು, "ನೀ ಕುಂದರ ಅಂದಿ, ಕುಂತೆ. ಎರಡ ಸಲ ಹೇಳೇನಿ. ಮೂರನೇ ಸಲ ಹೇಳಿದ್ರ ಮುದುಕಿಗೆ ಅರಳುಮರಳು ಅಂತಿದ್ದಿ."

ಹೌದು, ಅಂತಿದ್ದೆ.

ಆರು ದಿನ ಬಿಟ್ಟು ನೀರು ಬಂತು. ಹೊಸ ಮಣೆ ಹಿಡಿದು ಅಂಗಳದಲ್ಲಿ ನಿಂತು, ಎಲ್ಲಿ ಹಾಕಲಿ ಎಂದು ಅತ್ತೆಯನ್ನು ಕೇಳಿದೆ. ಹೊಸ್ತಿಲ ಎಡಕ್ಕೆ ಬೆರಳು ತೋರಿಸಿದರು. ಮೊದಲು ನಾನೇ ಅಲ್ಲಿ ನಿಂತು ಎರಡು ಸಲ ಜೋರಾಗಿ ಕುಪ್ಪಳಿಸಿದೆ. ಆಮೇಲೆ ಮಣೆ ಹಾಕಿದೆ.