ಅಂಜನಾಪುರದ ಬೀದಿಗೆ ತಲೆ ಬಾಚುವ ಲೋಕಮ್ಮ

ಬೆಳಗಿನ ಮೊದಲ ಬಸ್ಸು ಅಂಜನಾಪುರದಲ್ಲಿ ನಿಲ್ಲುವಾಗ ಇನ್ನೂ ಪೂರ್ತಿ ಬೆಳಕು ಹರಿದಿರುವುದಿಲ್ಲ. ಬಗಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಕೊಬ್ಬರಿ ಎಣ್ಣೆಯ ಶೀಸೆ ಹಿಡಿದು ಲೋಕಮ್ಮ ಇಳಿಯುತ್ತಾರೆ. ಕಾಲುವೆ ಪಕ್ಕದ ಬೀದಿಗೆ ಬಂದು ಮೊದಲ ಮನೆಯ ಕಟ್ಟೆಯ ಮೇಲೆ ಕುಳಿತು ಚೀಲ ಬಿಚ್ಚುತ್ತಾರೆ. ಎರಡು ಹಣಿಗೆ, ಹೇನು ತೆಗೆಯುವ ಒಂದು ಸೀರಣಿಗೆ, ಬಣ್ಣದ ಟೇಪಿನ ಸುರುಳಿ. ಕೂಗಿ ಕರೆಯುವ ಅಗತ್ಯವಿಲ್ಲ. ಮಕ್ಕಳು ಕಣ್ಣುಜ್ಜಿಕೊಳ್ಳುತ್ತ ಬಂದು ಅವರ ಮುಂದೆ ಬೆನ್ನು ಮಾಡಿ ಕೂರುತ್ತವೆ.

“ನಿನ್ನೆ ಕಟ್ಟಿದ ಟೇಪು ಎಲ್ಲಿ ಹೋತೇ ಸೌಂದರ್ಯ?”

“ನಮ್ಮ ಆಕಳ ಕರಕ್ಕೆ ಕಟ್ಟೀನಿ.”

“ನಿನಗಿಂತ ಕರಕ್ಕೇ ಚೆಂದ ಕಾಣ್ತೈತೇನು?”

“ಹ್ಞೂಂ.”

ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಗುತ್ತಾರೆ.

ಲೋಕಮ್ಮನವರಿಗೆ ಐವತ್ತೈದು ದಾಟಿದೆ. ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ ಹುಟ್ಟಿ ಶಿಕಾರಿಪುರಕ್ಕೆ ಸೊಸೆಯಾಗಿ ಬಂದವರು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ, ಊರಿನ ಮಹಿಳೆಯರ ಸಂಘವೊಂದು ನಡೆಸುವ ಮಕ್ಕಳ ಮನೆಯಲ್ಲಿ ಆಯಾ ಆದರು. ಪೆಟ್ಟು ತಿಂದ, ಮನೆಯವರು ಕೈಬಿಟ್ಟ ಮಕ್ಕಳು ಅಲ್ಲಿಗೆ ಬರುತ್ತವೆ. ಬಂದ ದಿನ ಅವುಗಳ ತಲೆ ತೊಳೆದು ಬಾಚುವುದು ಲೋಕಮ್ಮನವರ ಪಾಲಿನ ಕೆಲಸ.

“ಒಂದೊಂದು ತಲಿ ಗಂಟು ಬಿಡಸಾಕೆ ಅರ್ಧ ದಿನ ಹಿಡೀತಿತ್ತು ನೋಡ್ರಿ,” ಎನ್ನುತ್ತಾರೆ. “ಇದು ಒಂದ್ ದಿನದಾಗೆ ಆದ ಗಂಟಲ್ಲ. ಮೊದ್ಲೇ ಯಾರಾದ್ರೂ ಕೈ ಆಡ್ಸಿದ್ರೆ ಈ ಕೂಸು ಇಲ್ಲೀತನ ಬರ್ತಿರ್ಲಿಲ್ಲ ಅನ್ನಿಸ್ತು. ಅದಕ್ಕೆ ನಾನೇ ಬೀದಿಗೆ ಹೊಂಟೆ.”

ತಲೆ ಬಾಚುವ ಹೆಂಗಸಿಗೆ ಯಾರೂ ಬಾಗಿಲು ಹಾಕುವುದಿಲ್ಲ. ಬಾಚುವಾಗ ಬೆರಳಿಗೆ ಬುಗುಟು ಸಿಗುತ್ತದೆ, ಜ್ವರ ಸಿಗುತ್ತದೆ, ಮಾತು ಸಿಗುತ್ತದೆ. ಎಲ್ಲಕ್ಕಿಂತ ಮೊದಲು ಅವರು ನೋಡುವುದು ಒಂದನ್ನೇ. “ಎಣ್ಣಿ ಹಚ್ಚಾಕೆ ಕೈ ಎತ್ತಿದ ಕೂಡ್ಲೆ ಕೆಲವು ಮಕ್ಕಳು ತಲಿ ತಗ್ಗಿಸಿ ಭುಜದಾಗೆ ಹುದುಗಿಸ್ತಾವೆ. ಅಂಥಾ ಮನಿ ಮುಂದೆ ನಾನು ಸ್ವಲ್ಪ ಹೆಚ್ಚಿಗೆ ಹೊತ್ತು ಕೂರ್ತೀನಿ.”

ಕೂತು ಬೈಯುವುದಿಲ್ಲ. ತಾಯಿಯನ್ನೂ ಕರೆದು ಕೂರಿಸಿ ಅವಳ ತಲೆಯನ್ನೂ ಬಾಚುತ್ತಾರೆ. ಅರ್ಧ ಜಡೆ ಹೆಣೆಯುವುದರೊಳಗೆ ಅವಳ ಸಂಕಟ ಹೊರಗೆ ಬಂದಿರುತ್ತದೆ. ಅದರಿಂದ ಸರಿಹೋಗದ ಮನೆಗಳೂ ಇವೆ. ಅಂಥ ಕಡೆಯಿಂದ ಮಗುವನ್ನು ಎತ್ತಿಕೊಂಡು ಮಕ್ಕಳ ಮನೆಗೆ ಬಂದದ್ದೂ ಉಂಟು. ದಿನಕ್ಕೆ ಮೂವತ್ತು ತಲೆಗೆ ಕಡಿಮೆಯಿಲ್ಲ. ಎಂಟೂವರೆಯ ಬಸ್ಸಿಗೆ ಶಿಕಾರಿಪುರಕ್ಕೆ ಹಿಂತಿರುಗಿದರೆ ಮಕ್ಕಳ ಮನೆಯ ಅಡುಗೆ ಕಾದಿರುತ್ತದೆ.

ಈ ಸುತ್ತು ಈ ವರ್ಷ ನಿಂತೇಹೋಗುವುದರಲ್ಲಿತ್ತು. ಮಕ್ಕಳ ಮನೆಗೆ ಸರ್ಕಾರದ ಅನುದಾನ ಬರುತ್ತಿದ್ದದ್ದು ಅಲ್ಲಿ ಮಲಗುವ ಮಕ್ಕಳಿಗೆ ಮಾತ್ರ. ಲೋಕಮ್ಮನವರ ಸುತ್ತಿನಿಂದ ಚಾಪೆಗಳು ಖಾಲಿಯಾದಷ್ಟೂ ಅನುದಾನ ಇಳಿಯಿತು. ಇನ್ನು ಮುಂದೆ ಬೆಳಗ್ಗೆಯೂ ಅಡುಗೆಮನೆಯಲ್ಲೇ ಇರಬೇಕೆಂದು ಸಂಘದವರು ಬೇಸರದಿಂದಲೇ ಹೇಳಿದರು. ಅಷ್ಟರಲ್ಲಿ, ತೊಂಬತ್ತೇಳರ ಈ ಯುಗಾದಿಯ ಹೊತ್ತಿಗೆ ನಿಯಮ ಬದಲಾಯಿತು. ಮಕ್ಕಳಿಗೆ ಕೇಡಾಗುವ ಮೊದಲೇ ಮನೆಗಳಿಗೆ ಹೋಗಿ ತಡೆಯುವ ಕೆಲಸಕ್ಕೂ ಅನುದಾನ ಉಂಟು ಎಂದಾಯಿತು. ಜೊತೆಗೆ ಒಂದು ಷರತ್ತೂ ಇತ್ತು. ನೆರವು ಪಡೆದ ಒಂದು ಮನೆಯವರಾದರೂ ಅಧಿಕಾರಿಯ ಎದುರು ತಾವೇ ಹೇಳಬೇಕು.

ಪರಿಶೀಲನೆಗೆ ಬಂದ ಅಧಿಕಾರಿ ರೇಣುಕಾಪ್ರಸಾದ್ ಸಜ್ಜನರು. ಇದೇ ಕಟ್ಟೆಯ ಮೇಲೆ ಕುಳಿತು, “ಆಗದೇ ಹೋದ ಕೇಡನ್ನ ನಾನು ಹೇಗೆ ಬರೀಲಿ ತಾಯಿ? ಒಂದೇ ಒಂದು ಮನೆ ತೋರಿಸಿ, ಸಾಕು,” ಎಂದು ಕೇಳಿದರು.

“ಅದೊಂದು ಆಗಾಂಗಿಲ್ರೀ ಸಾಹೇಬ್ರೆ. ತಲಿ ಬಾಚುವಾಗ ಕೇಳಿದ್ದು ಹಣಿಗಿ ಜೊತಿ ಚೀಲದಾಗೆ ಹೋಗ್ತೈತಿ.”

“ಹಾಗಾದ್ರೆ ಈ ಸುತ್ತು ನಿಲ್ಲುತ್ತಲ್ಲ?”

ಲೋಕಮ್ಮ ಎದುರಿನ ಮಗುವಿನ ಬೈತಲೆ ತೆಗೆಯುತ್ತ ಕುಳಿತರು. ಸುತ್ತ ನಿಂತ ಹೆಂಗಸರು ನೆಲ ನೋಡಿದರು. ಹೆಸರು ಹೇಳಿದವರ ಮನೆಯನ್ನು ನಾಳೆ ಊರೆಲ್ಲ ಬೆರಳಿಟ್ಟು ತೋರಿಸುವುದಿಲ್ಲವೇ? ಸಪ್ಪೆಯಾದ ವಾತಾವರಣವನ್ನು ತಿಳಿಯಾಗಿಸಲು ರಮಾಬಾಯಿ ಎಂಬಾಕೆ, “ಸಾಹೇಬ್ರನ್ನೂ ಕೂರಿಸಿ ಒಂದ್ ಸಲ ಬಾಚಿಬಿಡು ಲೋಕಕ್ಕ, ಮನಸ್ಸು ಕರಗ್ತೈತಿ,” ಎಂದಳು.

ರೇಣುಕಾಪ್ರಸಾದ್ ತಮ್ಮ ನುಣ್ಣನೆಯ ತಲೆ ಸವರಿಕೊಂಡು, “ಬಾಚೋದಕ್ಕೆ ಇಲ್ಲೇನಿದೆಯಮ್ಮ?” ಎಂದರು. ನಗೆ ಎದ್ದಿತು.

ಆ ನಗೆ ಇಳಿಯುವ ಮೊದಲೇ ಬೀದಿಯ ತುದಿಯ ದೊಡ್ಡ ಮನೆಯಿಂದ ಮಹಾದೇವಮ್ಮ ಬಂದರು. ಕಿರಾಣಿ ಅಂಗಡಿ ಪರಮಶಿವಪ್ಪನವರ ತಾಯಿ, ಹಣೆತುಂಬ ವಿಭೂತಿ, ಬೀದಿಗೆಲ್ಲ ಹಿರಿಯರು.

“ನಮ್ಮನಿ ಬರ್ಕೋ ತಮ್ಮಾ,” ಎಂದರು. “ಸೊಸಿ ಸತ್ತ ಮ್ಯಾಲೆ ಮೊಮ್ಮಗ ಒಂದೇ ಸಮನೆ ಅಳೋನು. ನನ್ನ ಕೈಲಿ ತಡೆಯಾಕೆ ಆಗ್ಲಿಲ್ಲ. ಅತ್ತಾಗೆಲ್ಲ ಭತ್ತದ ಕೋಣೆಗೆ ಹಾಕಿ ಚಿಲಕ ಜಡಿತಿದ್ದೆ. ಇವ್ಳು ದಿನಾ ಅವನ ತಲ್ಯಾಗಿನ ಹೊಟ್ಟು, ಜೇಡರಬಲಿ ತೆಗಿಯೋಳು. ಬಾಯಿ ಬಿಟ್ಟು ಒಂದ್ ಮಾತು ಅನ್ಲಿಲ್ಲ. ಒಂದ್ ದಿನ, ‘ಅಮ್ಮಾರೆ, ನಿಮ್ಮ ತಲಿ ಬಾಚ್ಲಾ’ ಅಂದ್ಲು.”

ಅಂದು ತಾವು ಅತ್ತದ್ದನ್ನು ಮಹಾದೇವಮ್ಮ ಮುಚ್ಚಿಡಲಿಲ್ಲ. ವರ್ಷಗಟ್ಟಲೆ ಅವರ ತಲೆಯನ್ನು ಯಾರೂ ಮುಟ್ಟಿರಲಿಲ್ಲವಂತೆ. ಎಣ್ಣೆ ಹಚ್ಚುವ ಕೈ ಮನೆಯಲ್ಲಿ ಇರುವತನಕ ಅದರ ಬೆಲೆ ತಿಳಿಯುವುದಿಲ್ಲ. ಇದನ್ನು ಬರೆಯುತ್ತಿರುವ ನನ್ನ ಮನೆಯ ಆ ಕೈಯನ್ನು ಕಳೆದ ಕಾರ್ತಿಕದಲ್ಲಿ ಶಿವನು ತನ್ನ ಬಳಿಗೆ ಕರೆಸಿಕೊಂಡ. ಆದ್ದರಿಂದ ಆ ಅಳು ನನಗೆ ಅರ್ಥವಾಗುತ್ತದೆ.

“ಆವತ್ತೇ ಕೋಣೆ ಚಿಲಕ ಕೀಳ್ಸಿದೆ,” ಎಂದರಂತೆ ಅಧಿಕಾರಿಗೆ. “ಬಡವರ ಬೀದ್ಯಾಗೆ ಹುಡುಕ್ತೀಯಲ್ಲ, ದೊಡ್ಡ ಮನಿ ಕಥಿನೂ ಬರ್ಕೋ.”

ಊರಿಗೆ ಹಿರಿಯರಾದವರೇ ಹೇಳಿಕೊಂಡ ಮೇಲೆ ಉಳಿದವರ ನಾಚಿಕೆಗೆ ಜಾಗ ಎಲ್ಲಿ ಉಳಿಯಿತು? ಈ ಮಾತನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ನಾನು ಮಹಾದೇವಮ್ಮನವರನ್ನು ಕೇಳಿದೆ. “ಬರೀರಿ. ಫೋಟೋ ಮಾತ್ರ ತಲಿ ಬಾಚಿದ ಮ್ಯಾಲೆ ತೆಗೀರಿ,” ಎಂದರು.

ಅನುದಾನ ಮಂಜೂರಾಗಿದೆ. ಅಡುಗೆಗೆ ಬೇರೊಬ್ಬರು ಬಂದಿದ್ದಾರೆ. ಭಾನುವಾರಗಳಲ್ಲಿ ಲೋಕಮ್ಮ ಸೊರಬದ ಬಸ್ಸು ಹತ್ತಿ ತವರೂರು ಹೊಸಬಾಳೆಗೂ ಹೋಗುತ್ತಾರೆ. ಅಲ್ಲಿಯ ಹೆಂಗಸರೇ ಹೇಳಿ ಕಳಿಸಿದ್ದು. “ತವರಿನವ್ರ ತಲ್ಯಾಗೆ ಹೇನು ಜಾಸ್ತಿ,” ಎಂದು ನಗುತ್ತಾರೆ. ಇನ್ನೇನು ಆಸೆ ಎಂದರೆ, “ಮಕ್ಕಳ ಮನಿ ಚಾಪಿ ಸುತ್ತಿಟ್ಟಂಗೇ ಇರ್ಲಿ. ಬಿಚ್ಚೋ ಕಾಲ ಬರಬಾರ್ದು,” ಎನ್ನುತ್ತಾರೆ.

ಮಾತಾಡುತ್ತಲೇ ಬೀದಿಯ ತುದಿ ಮುಟ್ಟಿದ್ದೇವೆ. ದೊಡ್ಡ ಮನೆಯ ಜಗುಲಿಯ ಮೇಲೆ ಮಹಾದೇವಮ್ಮನವರ ಮೊಮ್ಮಗ ಸಿದ್ಧಲಿಂಗೇಶ್ ಬೆಲ್ಲ ಚೀಪುತ್ತ ಕುಳಿತಿದ್ದಾನೆ. ಲೋಕಮ್ಮ ಅಂಗೈಗೆ ಎಣ್ಣೆ ಸುರಿದುಕೊಂಡು ಕೈ ಎತ್ತುತ್ತಾರೆ. ಹುಡುಗ ಬೆಲ್ಲ ಬಿಡದೆ, ಕಣ್ಣು ಮುಚ್ಚಿ, ನೆತ್ತಿಯನ್ನು ಮುಂದಕ್ಕೆ ಒಡ್ಡುತ್ತಾನೆ.

ಲೋಕಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳುತ್ತಾರೆ: “ನೋಡಿದ್ರಾ? ತಗ್ಗಿಸ್ಲಿಲ್ಲ.”